ಗಾಜಿನಕ್ಕ ಹೇಳದೆ ಬಿಟ್ಟ ಮಾತು

ಅವಳ ಮೂಗು ಎರಡು ಸಲ ಮುರಿದಿತ್ತು. ಮೊದಲ ಸಲ ಮುರಿದವನು ಹೆತ್ತ ಅಪ್ಪ. ಹದಿಮೂರರ ಹುಡುಗಿ ಬೋಟಿನ ಮೂತಿಯಲ್ಲಿ ಕೂತು, ನೀರೊಳಗೆ ಬಂಡೆ ಕಂಡರೆ ಕೂಗಿ ಹೇಳಬೇಕಿತ್ತು. ಎದುರಿಗೆ ಬಿಸಿಲು, ನೀರೆಲ್ಲ ಕಾದ ತಗಡಿನ ಹಾಗೆ ಹೊಳೆಯುತ್ತಿತ್ತು. ಅವಳಿಗೆ ಏನೂ ಕಾಣಲಿಲ್ಲ. ಬೋಟಿನ ತಳ ಕರ್ರೆಂದು ಬಂಡೆಗೆ ಉಜ್ಜಿತು. ಅಪ್ಪ ಹುಟ್ಟು ಎತ್ತಿಕೊಂಡು ಬಂದವನೇ ಮುಖಕ್ಕೆ ಬೀಸಿದ.

"ಕಣ್ಣೇನು ತಲೆ ಹಿಂದೆ ಇದೆಯೇನೇ ನಿಂಗೆ?"

"ಹೊಳಪು ಅಪ್ಪಾ, ಹೊಳಪು" ಅಂದಳು, ರಕ್ತ ಬಾಯಿಗಿಳಿಯುತ್ತಿದ್ದ ಹಾಗೆಯೇ. ಅದಕ್ಕೂ ಇನ್ನೊಂದು ಬಿತ್ತು.

ಆ ವಾರವೇ ತಾಯಿ ಅವಳನ್ನು, ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟಿದ್ದ ತನ್ನ ತಮ್ಮನ ಮನೆಗೆ ಸಾಗಹಾಕಿದಳು. ಸೋದರಮಾವ ಮಾತು ಕಡಿಮೆಯ, ಯಾರ ಮೇಲೂ ಕೈ ಎತ್ತದ ಮನುಷ್ಯ. ಅವನ ಹತ್ತಿರ ಹದಿನೆಂಟು ವರ್ಷ ಲೆನ್ಸ್ ಉಜ್ಜಿ, ಚೌಕಟ್ಟಿಗೆ ಕೂರಿಸಿ ಕೈ ಪಳಗಿದ ಮೇಲೆ, ಬೋಟುಗಳು ನಿಲ್ಲುವ ದಕ್ಕೆಯ ಎದುರೇ ಸ್ವಂತ ಅಂಗಡಿ ಹಾಕಿದಳು. ನೀರಿನ ಮೇಲೆ ದುಡಿಯುವವರಿಗೆ ಬೇಕಾದ ತಂಪು ಕನ್ನಡಕ ಬಿಟ್ಟರೆ ಬೇರೇನೂ ಮಾರುತ್ತಿರಲಿಲ್ಲ. ಜನ ಅವಳನ್ನು ಗಾಜಿನಕ್ಕ ಅಂತ ಕರೆದರು. ಅಂಗಡಿಯಲ್ಲಿ ಗಾಜಿನ ಲೆನ್ಸ್ ಒಂದೂ ಇರಲಿಲ್ಲ ಅನ್ನುವುದು ಬೇರೆ ಮಾತು. "ಗಾಜು ಬೇಡ. ಹಗ್ಗ ಕಿತ್ತು ಬಂದು ಬಡಿದ್ರೆ ಚೂರೆಲ್ಲ ಕಣ್ಣೊಳಗೆ" ಅನ್ನುತ್ತಿದ್ದಳು.

ಕನ್ನಡಿ ನೋಡಿಕೊಂಡು ಆರಿಸುವುದಕ್ಕೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಗಿರಾಕಿಯ ತೋಳು ಹಿಡಿದು ದಕ್ಕೆಯ ತುದಿಗೆ ಎಳೆದುಕೊಂಡು ಹೋಗಿ, "ನೀರು ನೋಡಿ" ಅನ್ನುತ್ತಿದ್ದಳು. "ಬರೀ ಕಪ್ಪಗಿದ್ರೆ ಆಗಲ್ಲ. ಕಪ್ಪು ಹಾಕ್ಕೊಂಡ್ರೆ ಕಣ್ಣಿನ ಪಾಪೆ ಅಗಲ ಆಗುತ್ತೆ, ಸುಡೋ ಕಿರಣ ಇನ್ನೂ ಜಾಸ್ತಿ ಒಳಗೆ ನುಗ್ಗುತ್ತೆ." ಆಳದ ನೀರಿಗೆ ಹೋಗುವವನಿಗೆ ಬೂದು ಬಣ್ಣದ ಲೆನ್ಸ್, ತಳ ನೋಡಿಕೊಂಡು ಹೋಗಬೇಕಾದವನಿಗೆ ಕಂದು, ಮೋಡ ಕವಿದ ಬೆಳಗಿಗಾದರೆ ಹಳದಿ. ಯಾವುದೇ ಆದರೂ ಪೋಲರೈಸ್ಡ್ ಇರಲೇಬೇಕು, ನೀರಿನ ಮೇಲಿನ ಹೊಳಪನ್ನು ತಡೆಯುವ ಪದರ ಅದು. ಕೊನೆಗೊಂದು ಎಚ್ಚರಿಕೆ. ಆ ಪದರದ ಮೂಲಕ ನೋಡಿದರೆ ಬೋಟಿನ ಮೀಟರ್ ಪರದೆ ಒಮ್ಮೊಮ್ಮೆ ಪೂರ್ತಿ ಕಪ್ಪಾಗಿ ಕಾಣುತ್ತದೆ. ಕೆಟ್ಟಿತು ಅಂದುಕೊಳ್ಳಬಾರದು, ತಲೆ ಓರೆ ಮಾಡಬೇಕು, ಇಲ್ಲವೇ ಕನ್ನಡಕ ಎತ್ತಬೇಕು.

ಇಪ್ಪತ್ತು ವರ್ಷದಲ್ಲಿ ಅವಳು ಈ ಮಾತನ್ನು ಒಬ್ಬನಿಗೆ ಮಾತ್ರ ಹೇಳಲಿಲ್ಲ.

ಅವನನ್ನು ದಕ್ಕೆಯವರು ಗೂಳಿ ಅನ್ನುತ್ತಿದ್ದರು. ಕತ್ತು ಇಲ್ಲವೇ ಇಲ್ಲವೇನೋ ಅನ್ನುವಂಥ ಮೈಕಟ್ಟು, ಮಾತಿಗಿಂತ ಮುಂಚೆ ಕೈ. ಹರೆಯದಲ್ಲಿ ಅವಳ ಅಪ್ಪನ ಬೋಟಿನಲ್ಲಿ ಹಗ್ಗ ಎಳೆದವನು, ಈಗ ತಮ್ಮನ ಜೊತೆ ಸೇರಿ ಹೊಸ ಬೋಟು ಇಳಿಸಿದ್ದ. ದಕ್ಕೆಯ ತುದಿಯಲ್ಲಿ ಅವಳು ಬೂದು, ಕಂದು ಅಂತ ಶುರು ಮಾಡುವಷ್ಟರಲ್ಲೇ ಅವನು ಕೈ ಅಡ್ಡ ಹಿಡಿದ.

"ಪಾಠ ಸಾಕಕ್ಕಾ. ಬಂಡೆ ಕಾಣದೆ ಅಪ್ಪನ ಕೈಲಿ ಮೂಗು ಒಡೆಸ್ಕೊಂಡೋರು ನನಗೇನು ನೀರು ತೋರಿಸ್ತೀರಾ? ಸರಿಯಾಗೇ ಬಾರಿಸಿದ್ರು ಬಿಡಿ ಅವರು."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವಳು ನಾಲಿಗೆ ತುದಿಗೆ ಬಂದಿದ್ದ ಎಚ್ಚರಿಕೆಯನ್ನು ನುಂಗಿ, ಕನ್ನಡಕವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಕೊಟ್ಟಳು. ಹಾಳಾಗಿ ಹೋಗು ಅಂತ ಮನಸ್ಸಿನಲ್ಲೇ ಅಂದಳು.

ಮೂರನೇ ದಿನ ಗೂಳಿ ಬೋಟನ್ನು ಭರ್ರೆಂದು ಓಡಿಸುತ್ತಿದ್ದ. ಜಾಗ ಸಾಲದೆ ಅವನು ಆಳ ತೋರಿಸುವ ಪರದೆಯನ್ನು ಅಡ್ಡ ಕೂರಿಸುವ ಬದಲು ನೆಟ್ಟಗೆ ಕೂರಿಸಿದ್ದ. ಹೊಸ ಕನ್ನಡಕ ಮೊದಲ ಸಲ ಹಾಕಿಕೊಂಡು ನೋಡಿದರೆ ಪರದೆ ಕಪ್ಪು. ಗುದ್ದಿದ, ಬರಲಿಲ್ಲ. ವೈರು ಸಡಿಲವಾಗಿದೆ ಅಂದುಕೊಂಡು, ವೇಗವನ್ನೂ ಇಳಿಸದೆ ಬಗ್ಗಿ ಕೆಳಗೆ ಕೈ ಹಾಕಿದ. ಬೋಟು ಬಂಡೆ ಹತ್ತಿತು. ಮೂತಿಯಲ್ಲಿ ನಿಂತಿದ್ದ ತಮ್ಮ ಹಾರಿ ಮುಂದೆ ಬಿದ್ದ, ಬಂಡೆಗೂ ಬೋಟಿಗೂ ನಡುವೆ ಅವನ ಎಡಗಾಲು ಸಿಕ್ಕಿತು. ಮೊಣಕಾಲಿನ ಕೆಳಗೆ ಉಳಿದದ್ದು ಕಾಲಿನ ಹಾಗಿರಲಿಲ್ಲ.

ಅವನನ್ನು ಆಸ್ಪತ್ರೆಗೆ ಸೇರಿಸಿ, ಮಧ್ಯಾಹ್ನ ಗೂಳಿ ನೇರ ಅಂಗಡಿಗೆ ಬಂದ. ಅಂಗಿಯೆಲ್ಲ ತಮ್ಮನ ರಕ್ತ, ಕೈಯಲ್ಲಿ ಬೋಟು ಎಳೆಯುವ ಕೊಕ್ಕೆಗೋಲು. ಮೊದಲ ಏಟಿಗೆ ಕನ್ನಡಕದ ಕಪಾಟು ಒರಗಿತು, ಎರಡನೆಯದಕ್ಕೆ ಮೇಜಿನ ಗಾಜು ಚೂರು ಚೂರಾಯಿತು. ಮೂರನೆಯದು ಅವಳ ಮುಖಕ್ಕೆ. ಮೂಗಿನ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಕೆಳಗೆ ಬಿದ್ದವಳ ಜಡೆ ಹಿಡಿದೆತ್ತಿ ಗೋಡೆಗೆ ಬಡಿದ. ಎರಡು ಹಲ್ಲು ನೆಲಕ್ಕೆ ಉದುರಿದವು.

"ಪರದೆ ಕೆಟ್ಟಿರಲಿಲ್ಲ ಕಣೇ! ಕನ್ನಡಕ ಕಳಚಿ ಬಿತ್ತು, ಆಮೇಲೆ ನೋಡ್ತೀನಿ, ಉರೀತಾನೇ ಇದೆ! ಊರಿಗೆಲ್ಲ ಹೇಳ್ತೀಯ, ನನಗ್ಯಾಕೆ ಹೇಳ್ಲಿಲ್ಲ?"

ಪಕ್ಕದಲ್ಲೇ ಇಂಜಿನ್ ರಿಪೇರಿ ಶೆಡ್ ಇಟ್ಟಿದ್ದ ಅವಳ ಅಣ್ಣ ನಾಲ್ಕು ಜನರ ಜೊತೆ ನುಗ್ಗಿ ಬಂದ. ಐವರೂ ಸೇರಿ ಗೂಳಿಯನ್ನು ಹೊರಗೆಳೆದು ಹಾಕಿ ತುಳಿದರು. ಅಣ್ಣನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಗೂಳಿ ಕೂಗುತ್ತಲೇ ಇದ್ದ, "ಅವಳು ಹೇಳ್ಲಿಲ್ಲ, ಕೇಳ್ರೋ ಅವಳನ್ನ!"

ಗಾಜಿನ ಚೂರಿನ ನಡುವೆ ಬಿದ್ದಿದ್ದ ಅವಳಿಗೆ ಎಲ್ಲ ಕೇಳುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದೂ ಹೊಳೆಯಿತು. ಮುಚ್ಚಿಕೊಂಡೇ ಇದ್ದಳು. ಏಟು ಬೀಳುತ್ತಿದ್ದದ್ದು ಹಿತವಾಗಿಯೂ ಇತ್ತು, ಅದನ್ನು ಅವಳು ಆಮೇಲೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ. ಸ್ಪ್ಯಾನರ್ ಮೊಣಕೈಗೆ ಬಿದ್ದು ಹಸಿ ಕಟ್ಟಿಗೆ ಮುರಿದಂಥ ಸದ್ದಾದಾಗ ಮಾತ್ರ ಎದ್ದಳು. ಕೂಗಿದಳು, ಬಾಯಿ ತುಂಬ ರಕ್ತ, ಮಾತು ಹೊರಡಲಿಲ್ಲ. ಅಣ್ಣ ಮತ್ತೆ ಸ್ಪ್ಯಾನರ್ ಎತ್ತಿದ್ದ, ಈ ಸಲ ತಲೆಗೆ. ಅವಳು ಕೈಗೆ ಸಿಕ್ಕ ಕಬ್ಬಿಣದ ಸ್ಟೂಲು ಎತ್ತಿ ಅಣ್ಣನ ಭುಜಕ್ಕೇ ಅಪ್ಪಳಿಸಿದಳು.

ಅಣ್ಣ ಕುಸಿದು ಕೂತ. "ನಿನಗೋಸ್ಕರ ಹೊಡೀತಿದ್ದೀನಿ ಕಣೇ! ಹುಚ್ಚು ಹಿಡೀತಾ?"

ರಕ್ತ ಉಗುಳಿ ಅವಳು ಹೇಳಿದಳು. "ಅವನು ಹೇಳ್ತಿರೋದು ನಿಜ ಅಣ್ಣ. ನಾನು ಬೇಕಂತಲೇ ಹೇಳ್ಲಿಲ್ಲ."

ನಾಲ್ವರೂ ಕೈ ಕೆಳಗೆ ಬಿಟ್ಟರು. ಯಾರೂ ಅವಳನ್ನು ಹಿಡಿದುಕೊಳ್ಳಲು ಬರಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ಅವಳು ಪೊಲೀಸರಿಗೆ ಒಂದೂ ಬಿಡದೆ ಹೇಳಿದಳು. ಅಣ್ಣನ ಸ್ಪ್ಯಾನರ್ ಅನ್ನೂ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಪೆನ್ನು ನಿಲ್ಲಿಸಿ ಕೇಳಿದ, "ಹಾಗಾದ್ರೆ ಅವನ ಮೇಲಿನ ದೂರು ವಾಪಸ್ ತಗೋತೀರಾ ಅಮ್ಮ?"

"ಇಲ್ಲ ಸಾರ್. ನನ್ನ ತಪ್ಪು ನನ್ನದು, ಅವನ ಏಟು ಅವನದು. ಎರಡನ್ನೂ ಬರ್ಕೊಳ್ಳಿ."

ಗೂಳಿಗೆ ಒಂದೂವರೆ ವರ್ಷ ಜೈಲಾಯಿತು, ಅಣ್ಣನಿಗೆ ನಾಲ್ಕು ತಿಂಗಳು. ಅವಳಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಒಂದು ಮಾತು ಹೇಳದೆ ಇದ್ದದ್ದಕ್ಕೆ ಯಾವ ಕಲಮೂ ಇಲ್ಲ ಅಂದರು ವಕೀಲರು. ಅಣ್ಣ ಹೊರಗೆ ಬಂದ ದಿನ, ಅವಳು ಎದುರಿಗೇ ನಿಂತಿದ್ದರೂ ದಾಟಿಕೊಂಡು ಹೋದ. ಅವಳ ಅಂಗಡಿಗೂ ಅವನ ಶೆಡ್ಡಿಗೂ ನಡುವೆ ಆರೇ ಹೆಜ್ಜೆ. ಅವನು ಅಲ್ಲೊಂದು ತಗಡಿನ ಗೋಡೆ ಎಬ್ಬಿಸಿದ. ದಕ್ಕೆಯ ಅರ್ಧ ಜನ ಅವಳ ಅಂಗಡಿಗೆ ಬರುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಯಾರೋ ಬಾಗಿಲಿಗೆ ಮೀನಿನ ಕರುಳು ಎರಚಿದ್ದರು. ತೊಳೆದು ಅಂಗಡಿ ತೆರೆದಳು.

ಮೂರನೇ ವರ್ಷ ಗೂಳಿಯ ತಮ್ಮ ಬಂದ. ಎಡಗಾಲಿನ ಜಾಗದಲ್ಲಿ ಪ್ಲಾಸ್ಟಿಕ್ ಕಾಲು. ತನ್ನಣ್ಣನ ಮೊಣಕೈ ಮಡಚಲು ಬರುವುದಿಲ್ಲ, ಈಗ ಬೋಟು ಓಡಿಸುವವನು ತಾನೇ ಅಂದ. ಅವಳು ದಕ್ಕೆಯ ತುದಿಗೆ ನಡೆದಳು, ಅವನು ತನ್ನ ಪಾಡಿಗೆ ಹಿಂದೆ ಬಂದ. ಬೂದು ಹಾಕಿಸಿದಳು, ಆಮೇಲೆ ಕಂದು. ನೀರಿನೊಳಗಿನ ಕಲ್ಲು, ಪಾಚಿ, ಸರಪಳಿ ಎಲ್ಲ ಅವನಿಂದ ಎಣಿಕೆ ಮಾಡಿಸಿದಳು. ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಅಡ್ಡ ಮಾತಾಡಲಿಲ್ಲ.

ನೀರು ನೋಡುತ್ತಲೇ ಕೇಳಿದ, "ಅವತ್ತು ನಮ್ಮಣ್ಣ ಹೊಡೆದಾಗ ತುಂಬ ನೋವಾಯ್ತಾ?"

"ಆಯ್ತಪ್ಪ."

"ಒಳ್ಳೇದಾಯ್ತು" ಅಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. ಆಮೇಲೆ ಕಂದು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಕೆಳಗೆ ಬಿದ್ದರೆ ತೇಲುವಂಥ ಪಟ್ಟಿ ಇದೆಯಾ ಅಂತ ವಿಚಾರಿಸಿದ. ಇತ್ತು. ತರುವುದಕ್ಕೆ ಅವಳು ಅಂಗಡಿಯ ಕಡೆ ತಿರುಗಿದಳು.