ಅಕ್ಕನ ಹದಿನಾಲ್ಕು ನೋಟ್‌ಬುಕ್ಕುಗಳು

ಅಕ್ಕನನ್ನು ಮಣ್ಣು ಮಾಡಿದ ಮೂರನೆಯ ದಿನ, ಅವಳು ದುಡಿದ ಪ್ರಯೋಗಾಲಯದ ಹಳೆಯ ಮುಖ್ಯಸ್ಥರು ತಾಂಡೂರಿನ ನಮ್ಮ ಮನೆಗೆ ಬಂದರು. ದೊಡ್ಡ ಹಾರ ತಂದಿದ್ದರು. ಅವಳ ಫೋಟೋಗೆ ಹಾಕುವ ಮೊದಲು, ತಮ್ಮ ಫೋಟೋ ಯಾರಾದರೂ ತೆಗೆಯುತ್ತಾರೋ ಎಂದು ತಿರುಗಿ ನೋಡಿದರು. ಕಾಕಾ ತೆಗೆದರು.

"ನಮ್ಮ ಹುಡುಗಿ ಶ್ರಮಜೀವಿ. ನಾನು ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತಿದ್ದಳು" ಎಂದರು. ಹುಡುಗಿಗೆ ಅರವತ್ತೆರಡಾಗಿತ್ತು.

ತೊಗರಿಬೇಳೆಯ ಪ್ರೋಟೀನುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಜೀರ್ಣಕ್ಕೆ ಅಡ್ಡಬರುವುದು ಯಾವುದೆಂದು ಮೊದಲು ತೋರಿಸಿದವಳು ಅಕ್ಕ. ಕಾವು ತಾಗಿದರೆ ಅವು ಕೆಡುತ್ತವೆಂದು ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೋಲ್ಡ್ ರೂಮಿನಲ್ಲಿ ನಿಂತಿರುತ್ತಿದ್ದಳು. ಈ ಸಾಹೇಬರು ಬಾಗಿಲು ತೆರೆದು, ಚಳಿ ಎಂದು ಹಾಗೇ ಮುಚ್ಚಿಕೊಂಡು ಹೋಗುತ್ತಿದ್ದರಂತೆ. ಪ್ರಬಂಧ ಅಚ್ಚಾದಾಗ ಮೊದಲ ಹೆಸರು ಮಾತ್ರ ಅವರದು. ಅಕ್ಕ ಇದನ್ನು ನಗುತ್ತಾ ಹೇಳುತ್ತಿದ್ದಳು. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಚಹಾ ಮುಗಿದ ಮೇಲೆ ವಿಷಯಕ್ಕೆ ಬಂದರು. ತಮ್ಮ ಸಾಧನೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದಾರಂತೆ. ಅದಕ್ಕೆ ಅಕ್ಕನ ಹದಿನಾಲ್ಕು ನೋಟ್‌ಬುಕ್ಕುಗಳು ಬೇಕಂತೆ.

"ಕೊಟ್ಟುಬಿಡವ್ವ" ಎಂದರು ಕಾಕಾ. "ಮನ್ಯಾಗ ಇಟ್ಕೊಂಡು ಏನ್ ಮಾಡ್ತಿ? ಹುಳ ತಿಂತಾವ."

"ನಿಮಗೆ ಅದು ಓದಲಿಕ್ಕೆ ಬರುತ್ತದೇನಮ್ಮಾ?" ಸಾಹೇಬರು ಕನಿಕರದಿಂದ ಕೇಳಿದರು.

"ಬರಂಗಿಲ್ರಿ. ಹತ್ತನೇ ತನಕ ಓದೀನಿ. ಆದ್ರ ಅಕ್ಕನ ಅಕ್ಷರ ಗುರ್ತ ಹಿಡೀತೀನಿ. ನೀವು ಬರ್ದದ್ದು ಒಂದು ಹಾಳಿ ತೋರಸ್ರಿ, ಎಲ್ಲಾ ಒಯ್ರಿ."

ನೋಟ್‌ಬುಕ್ಕುಗಳನ್ನು ತಂದಿಟ್ಟೆ. ಸಾಹೇಬರು ಬೆರಳಿಗೆ ಉಗುಳು ಹಚ್ಚಿಕೊಂಡು ತಿರುವಿದರು. ಒಂದು ನೋಟ್‌ಬುಕ್ಕಾಯಿತು, ಇನ್ನೊಂದಾಯಿತು. ಕೊನೆಗೆ ಮುಖ ಅರಳಿತು. "ನೋಡಿ, ಪ್ರತಿ ಹಾಳೆಯ ಕೆಳಗೂ ನನ್ನ ಸಹಿ ಇದೆ."

"ನಮ್ಮ ರೇಷನ್ ಕಾರ್ಡಿನ ಮ್ಯಾಲೂ ತಹಶೀಲ್ದಾರ ಸಾಹೇಬರ ಸಹಿ ಅದರಿ. ಅಡಗಿ ಮಾಡಾಕ ಅವರೇನು ಬಂದಿಲ್ಲ."

"ದೊಡ್ಡವರ ಮುಂದ ಹಿಂಗ ಮಾತಾಡ್ತಾರೇನು!" ಕಾಕಾ ಸಿಡುಕಿದರು. ಸಾಹೇಬರು ಊಟಕ್ಕೆ ನಿಲ್ಲಲಿಲ್ಲ. ಕಾಕಾ ಕಾರಿನ ತನಕ ಕೈ ಮುಗಿಯುತ್ತಲೇ ಹೋದರು.

ಅಕ್ಕನ ಕೈಕೆಳಗೆ ಕಲಿತು ಈಗ ಜಹೀರಾಬಾದಿನ ಕಾಲೇಜಿನಲ್ಲಿ ಪಾಠ ಹೇಳುವವಳೊಬ್ಬಳು ಬೆಳಿಗ್ಗೆಯಿಂದ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ನೋಟ್‌ಬುಕ್ಕುಗಳನ್ನು ಒಯ್ದು ಅವಳ ಮುಂದಿಟ್ಟೆ.

"ನಾ ಏನ್ ಮಾಡ್ಲಿ ಇವನ್ನ?" ಎಂದಳು.

"ಅಕ್ಕ ಏನು ಮಾಡ್ಯಾಳ ಅಂತ ಬರಿ. ಅಕ್ಕನ ಹೆಸರಿಲೇ ಬರಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಮೊದಲ ಪುಟ ತೆರೆದು ನನಗೆ ಕೇಳುವಂತೆ ಓದತೊಡಗಿದಳು. ನನಗೆ ಒಂದು ಸಾಲೂ ತಿಳಿಯಲಿಲ್ಲ. ಏಳದೆ ಕೂತು ಕೇಳಿದೆ.