ಎದುರು ಕಿಟಕಿಯ ಎರಡು ನಿಮಿಷ

ಎದುರು ಕಿಟಕಿಯ ಆಂಟಿಯ ಎಡ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಮುರಿದದ್ದು ಸೊಟ್ಟಗೆ ಕೂಡಿಕೊಂಡಿತ್ತಂತೆ. ಬಟ್ಟೆ ಒಣಹಾಕುವಾಗಲೂ, ಸೊಪ್ಪಿನವಳನ್ನು ಕೂಗಿ ಕರೆಯುವಾಗಲೂ ಆ ಕೈ ಕೋಳಿಯ ರೆಕ್ಕೆಯ ಹಾಗೆ ಅರ್ಧ ಮಡಿಸಿಕೊಂಡೇ ಇರುತ್ತಿತ್ತು.

ಗೋವಿಂದರಾಜನಗರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ನಮ್ಮ ಅಡುಗೆಮನೆಯ ಕಿಟಕಿಗೂ ಪಕ್ಕದ ಕಟ್ಟಡದ ಆಂಟಿಯ ಅಡುಗೆಮನೆಯ ಕಿಟಕಿಗೂ ನಡುವೆ ಕೈ ಚಾಚಿ ಸಕ್ಕರೆ ಬಟ್ಟಲು ದಾಟಿಸುವಷ್ಟೇ ಜಾಗ. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಬಿದ್ದುಹೋದ ಮೇಲೆ ನಾನು ಟೀಚರ್ ಕೆಲಸ ಬಿಟ್ಟೆ. ಮಗಳು ಬೆಳಿಗ್ಗೆ ಕಾಲೇಜಿಗೆ ಹೊರಟರೆ ಸಂಜೆಯವರೆಗೆ ನಾನು, ಯಜಮಾನರು, ನಾಲ್ಕು ಗೋಡೆ. ಮಗ್ಗುಲು ಬದಲಿಸು, ಮೈ ಒರೆಸು, ಗಂಜಿ ಕುಡಿಸು, ಮತ್ತೆ ಮಗ್ಗುಲು ಬದಲಿಸು. ತರಕಾರಿಗೆಂದು ಹತ್ತು ನಿಮಿಷ ಕೆಳಗಿಳಿದರೂ ಅವರು ಮಂಚದಿಂದ ಜಾರಿದ್ದಾರೇನೋ ಎಂದು ಮೆಟ್ಟಿಲು ಓಡಿ ಹತ್ತುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಿಟಕಿಯತ್ತ ನೋಡಿದರೆ, ಅರವತ್ತು ದಾಟಿದ ಆ ಹೆಂಗಸು ನೈಟಿಯ ಮೇಲೆ ಟವೆಲ್ ಹೊದ್ದು ಕುಣಿಯುತ್ತಿದ್ದಾರೆ! ಸೊಂಟ ಒಂದು ಕಡೆ, ತಲೆ ಇನ್ನೊಂದು ಕಡೆ. ಹಾಡಿಲ್ಲ, ರೇಡಿಯೋ ಇಲ್ಲ. ಬಾಯಲ್ಲೇ "ಡಂಕಣಕ ಡಂಕಣಕ". ತಲೆ ಕೆಟ್ಟಿದೆ ಎಂದುಕೊಂಡು ಪರದೆ ಎಳೆದೆ.

"ಯಾಕಮ್ಮಾ ಮುಚ್ಚಿದೆ? ನೋಡು, ಟಿಕೆಟ್ ಕೇಳಲ್ಲ!" ಎಂದರು ಪರದೆಯಾಚೆಯಿಂದ.

ನಿಧಾನವಾಗಿ ವಿಷಯ ತಿಳಿಯಿತು. ಅವರ ಯಜಮಾನರಿಗೆ ಮರೆವಿನ ಕಾಯಿಲೆ. ಒಮ್ಮೆ ಹೊರಗೆ ಹೋದವರು ಮನೆಯ ದಾರಿ ಮರೆತು ಮಾಗಡಿ ರಸ್ತೆಯಲ್ಲಿ ಸಿಕ್ಕಿದ್ದರಂತೆ. ಅಂದಿನಿಂದ ಆಂಟಿ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ತಾಳಿ ಸರಕ್ಕೆ ಪೋಣಿಸಿಕೊಂಡಿದ್ದರು. ದಿನಾ ಆ ಹೊತ್ತಿಗೆ ಅಂಕಲ್ "ಆಫೀಸಿಗೆ ಲೇಟಾಯ್ತು" ಎಂದು ಬಾಗಿಲು ಬಡಿಯುತ್ತಿದ್ದರು. ಒಂದು ದಿನ ಏನೂ ತೋಚದೆ ಆಂಟಿ ಅವರೆದುರು ಹುಚ್ಚುಹುಚ್ಚಾಗಿ ಕುಣಿದರಂತೆ. ಅಂಕಲ್ ಬಡಿಯುವುದನ್ನು ನಿಲ್ಲಿಸಿ ನಕ್ಕರು.

"ಅವ್ರಿಗೋಸ್ಕರ ಶುರು ಮಾಡ್ದೆ ಕಣೇ. ಆಮೇಲ್ ನೋಡಿದ್ರೆ ನಂಗೇ ಬೇಕಾಗಿತ್ತು."

ನಾನು ನಕ್ಕು ಒಲೆಯತ್ತ ತಿರುಗಿದೆ. ಕುಣಿಯುವ ಸ್ಥಿತಿಯೇ ನನ್ನದು?

ಒಂದು ಮಧ್ಯಾಹ್ನ ಯಜಮಾನರು ಮೂರನೇ ಸಲ ಗಂಜಿಯನ್ನು ನನ್ನ ಮೇಲೆ ಉಗುಳಿದರು. ನಾನು ಅವರ ಕೆನ್ನೆಗೆ ಹೊಡೆದೆ. ಹೊಡೆದ ಮೇಲೆ ಅವರು ನನ್ನನ್ನು ನೋಡಿದ ನೋಟ ತಡೆಯಲಾಗದೆ ಅಡುಗೆಮನೆಗೆ ಓಡಿ ಕಿಟಕಿಯ ಸರಳು ಹಿಡಿದು ನಿಂತೆ.

"ಹೊಡೆದ್ಬಿಟ್ಟೆ ಆಂಟಿ."

ಅವರು ಸಮಾಧಾನ ಹೇಳಲಿಲ್ಲ. "ನಾನೂ ಹೊಡ್ದಿದೀನಿ" ಎಂದರು. "ಅಳೋದ್ ಅತ್ಬಿಡು. ಮುಖ ತೊಳ್ಕೊಂಡು, ಒಳಗ್ ಹೋಗಿ ಅವ್ರ ಕೈ ಹಿಡ್ಕೊಂಡ್ ಬಾ. ಆಮೇಲ್ ಎರಡೇ ನಿಮಿಷ ಕುಣಿಯೋಣ."

"ನಂಗ್ ಬರಲ್ಲ ಆಂಟಿ."

"ಬಂದ್ರೆ ಪ್ರಯೋಜನ ಇಲ್ಲ. ಚೆನ್ನಾಗ್ ಕುಣಿದ್ರೆ ಬೆವರು ಬರತ್ತೆ, ಕೆಟ್ಟದಾಗ್ ಕುಣಿದ್ರೆ ನಗು ಬರತ್ತೆ. ಮೊದ್ಲು ಕತ್ತು ಅಲ್ಲಾಡ್ಸು."

ಹಾಗೆ ಶುರುವಾಯಿತು. ದಿನಾ ಹನ್ನೊಂದಕ್ಕೆ, ಎರಡು ಕಿಟಕಿಗಳಲ್ಲಿ ಇಬ್ಬರು ಹೆಂಗಸರು, ಎರಡು ನಿಮಿಷ. ಒಮ್ಮೆ ಕಪ್ಪೆ, ಒಮ್ಮೆ ಕುಡುಕ, ಒಮ್ಮೆ ಬಸ್ಸಿನಲ್ಲಿ ಬ್ರೇಕ್ ಹಾಕಿದಾಗಿನ ಕಂಡಕ್ಟರ್. ಅದರಿಂದ ಯಾವ ಬಾಗಿಲೂ ತೆರೆಯಲಿಲ್ಲ. ಆದರೆ ಆಮೇಲೆ ಯಜಮಾನರ ಕೋಣೆಗೆ ಹೋಗುವಾಗ ಹಲ್ಲು ಕಚ್ಚಿಕೊಂಡು ಹೋಗುತ್ತಿರಲಿಲ್ಲ.

ಒಮ್ಮೆ ಮಹಾಲಕ್ಷ್ಮಿ ಲೇಔಟಿನ ನಾದಿನಿ ಹೇಳದೆ ಬಂದವಳು ಇದನ್ನು ನೋಡಿಬಿಟ್ಟಳು.

"ನಮ್ಮಣ್ಣ ಹಿಂಗ್ ಮಲಗಿರೋವಾಗ ಕುಣೀತಾ ಇದೀರಲ್ಲ ಅತ್ತಿಗೆ, ನಾಚ್ಕೆ ಆಗಲ್ವಾ?"

ಆಚೆಯಿಂದ ಆಂಟಿ ಹೇಳಿದರು: "ಅವಳು ಕುಣಿಯೋದು ಎರಡು ನಿಮಿಷ ಕಣಮ್ಮ. ಮಿಕ್ಕಿದ್ ಹೊತ್ತು ನೀನ್ ಬಂದು ನಿಮ್ಮಣ್ಣನ್ ನೋಡ್ಕೊ, ಅವಳು ದಿನಪೂರ್ತಿ ನಾಚ್ಕೊಂಡೇ ಕೂತಿರ್ತಾಳೆ."

ನಾದಿನಿ ಕಾಫಿ ಕುಡಿಯದೆ ಹೊರಟಳು. ಒಂದು ವಾರ ನಾನು ಹೆದರಿ ಕಿಟಕಿಗೆ ಹೋಗಲಿಲ್ಲ. ಆಂಟಿ ಒಬ್ಬರೇ ಕುಣಿಯುತ್ತಿದ್ದರು, ನನ್ನನ್ನು ಕರೆಯಲಿಲ್ಲ. ಎಂಟನೆಯ ದಿನ ನಾನೇ ಹೋದೆ.

ಮೂರನೆಯ ವರ್ಷದ ಆಷಾಢದಲ್ಲಿ ಅಂಕಲ್ ತೀರಿಕೊಂಡರು. ಎದುರಿನ ಕಿಟಕಿ ಹಲವು ದಿನ ಮುಚ್ಚಿಯೇ ಇತ್ತು. ಇನ್ನು ಆಂಟಿಗೆ ಬೀಗದ ಕೆಲಸವಿಲ್ಲ, ಜ್ಞಾನಭಾರತಿಯ ಮಗಳ ಮನೆಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಹೇಳಲು ನಾಚಿಕೆ, ನನಗೆ ಹೊಟ್ಟೆಕಿಚ್ಚಾಯಿತು.

ವೈಕುಂಠ ಸಮಾರಾಧನೆ ಮುಗಿದ ವಾರ, ಒಂದು ಗುರುವಾರ ಬೆಳಿಗ್ಗೆ ನಮ್ಮ ಮನೆಯ ಬೆಲ್ ಆಯಿತು. ತೆರೆದರೆ ಆಂಟಿ, ಎರಡು ಮಹಡಿ ಹತ್ತಿದ ಏದುಸಿರಿನಲ್ಲಿ. ಅವರನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ನನ್ನ ಭುಜದವರೆಗೂ ಬರುತ್ತಿರಲಿಲ್ಲ.

"ನಾನ್ ಕೂತಿರ್ತೀನಿ. ನೀನ್ ಹೋಗ್ ಬಾ."

"ಎಲ್ಲಿಗೆ ಆಂಟಿ?"

"ಎಲ್ಲಿಗಾದ್ರೂ. ನಂಗೆ ಹಿಂಗ್ ಹೇಳೋರು ಯಾರೂ ಇರ್ಲಿಲ್ಲ."

ಕೆಳಗಿಳಿದು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಬೀದಿಯಲ್ಲಿ ನಿಂತೆ. ವಿಜಯನಗರದವರೆಗೆ ನಡೆದೆ, ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದೆ, ಹೆದರಿ ಓಡಿಬಂದೆ. "ಇಷ್ಟ್ ಬೇಗ ಯಾಕ್ ಬಂದೆ?" ಎಂದು ಬೈದರು. ಆಮೇಲೆ ಪ್ರತಿ ಗುರುವಾರ ಬಂದರು, ಹೆಚ್ಚುಕಡಿಮೆ ಎರಡು ವರ್ಷ.

ಈ ಯುಗಾದಿಗೆ ಮಗಳ ಮನೆಗೆ ಹೋಗಿದ್ದವರು ಅಲ್ಲೇ ನಿದ್ದೆಯಲ್ಲಿ ಹೋಗಿಬಿಟ್ಟರು. ಫೋನ್ ಬಂದಾಗ ಮನೆಯಲ್ಲಿ ನಾವಿಬ್ಬರೇ. ನಾನು ಫೋನ್ ಹಿಡಿದು ನಿಂತೇ ಇದ್ದೆ. ಈಚೆಗೆ ಒಂದೆರಡು ಮಾತು ಬರತೊಡಗಿದ್ದ ಯಜಮಾನರು ತೊದಲುತ್ತ ಅಂದರು: "ಹೋಗು. ನಾ... ಇರ್ತೀನಿ." ಹೊರಗಿನಿಂದ ಬೀಗ ಹಾಕಿ ಆಟೋ ಹತ್ತಿದೆ.

ಆಂಟಿಯ ಮಗಳು ನನ್ನ ಪಕ್ಕ ಕೂತು ಅತ್ತರು. "ಅಪ್ಪ ಹೋದ್ಮೇಲೆ ನಮ್ಮನೇಲೇ ಇರಮ್ಮ ಅಂತ ಎಷ್ಟ್ ಕರೆದ್ರೂ ಬರ್ಲಿಲ್ಲ. ಗುರುವಾರ ಅಲ್ಲಿ ಕೆಲ್ಸ ಇದೆ ಅಂತಿದ್ರು. ಏನ್ ಕೆಲ್ಸ ಅಂತ ನಿಮಗೇನಾದ್ರೂ ಗೊತ್ತಾ?"

ಆ ಕೆಲಸ ನಾನೇ ಎಂದು ಹೇಳುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಹೇಳಿದೆ. ಆಂಟಿಯ ಪಾದ ಮುಟ್ಟಿ ಎದ್ದೆ. ಯಜಮಾನರ ಮಗ್ಗುಲು ಬದಲಿಸುವ ಹೊತ್ತು ಮೀರಿತ್ತು.