ಹಿಂದಿನ ಮನೆ ಅಕ್ಕನ ಒನ್ಸ್ ಮೋರ್

ಬೆಳಿಗ್ಗೆ ನೀರಿನ ಸಂಪು ತುಂಬಿಸಿದೆ, ದೋಸೆಗೆ ಅಕ್ಕಿ ನೆನೆಹಾಕಿದೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದೆ, ಬೀರುವಿನ ಸೀರೆಗಳನ್ನು ಟೆರೇಸಿನ ಬಿಸಿಲಿಗೆ ಹರಡಿದೆ. ನೀಲಿ ಸೀರೆಯೊಂದರ ಸೆರಗಿನಲ್ಲಿ ಇನ್ನೂ ನಾಟಕದ ಬಣ್ಣದ ವಾಸನೆ... ಹಿಂದಿನ ಮನೆ ಅಕ್ಕ ನಾಟಕದಲ್ಲಿ ಉಡಲಿ ಎಂದು ನಾನು ಕೊಟ್ಟಿದ್ದ ಸೀರೆ. ಉಟ್ಟವಳು ಬೇರೆ.

ಯಲಹಂಕದ ನಮ್ಮ ಬಡಾವಣೆಯ ಹವ್ಯಾಸಿ ಸಂಘ ಕೆಲವು ವರ್ಷದ ಹಿಂದೆ ಹಳೆಯ ಕಾಲದ ಹಾಸ್ಯದ ಸಂಗೀತ ನಾಟಕವೊಂದನ್ನು ಎತ್ತಿಕೊಂಡಿತ್ತು. ಮುದುಕನೊಬ್ಬ ಮದುವೆಗೆ ಹೊರಟು ಪೇಚಿಗೆ ಸಿಕ್ಕುವ ಕಥೆ, ಜಗಳವೂ ಹಾಡಿನಲ್ಲೇ. ನಾಯಕಿ ಈ ಅಕ್ಕ. ಚಿಕ್ಕಂದಿನಲ್ಲಿ ಅಪ್ಪ ರಂಗ ಹತ್ತಲು ಬಿಟ್ಟಿರಲಿಲ್ಲವಂತೆ. ಐವತ್ತರ ಹತ್ತಿರ ಸಿಕ್ಕ ಆ ಹಾಡುಗಳನ್ನು ಪಾತ್ರೆ ತೊಳೆಯುವಾಗಲೂ ಹಾಡುತ್ತಿದ್ದರು. ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಪ್ರದರ್ಶನಕ್ಕೆ ವಾರವಿದ್ದಾಗ ಸಂಘದ ಅಧ್ಯಕ್ಷರು ರಿಹರ್ಸಲ್‌ಗೆ ಸೊಸೆಯನ್ನು ಕರೆತಂದರು. ನಾಟಕಕ್ಕೆ ಛತ್ರ ಬಿಟ್ಟುಕೊಟ್ಟವರು ಅವರೇ. ಸೊಸೆಗೆ ಹಾಡಲು ಬಾರದು.

"ನೋಡಕ್ಕೂ ಒಸಿ ಚೆಂದಾಗಿರ್ಬೇಕಲ್ಲಮ್ಮ. ನೀವು ಪರದೆ ಇಂದೆ ನಿಂತು ಹಾಡಿ, ಇವಳು ಬಾಯಾಡಿಸ್ತಾಳೆ" ಎಂದರು.

ಅಕ್ಕ ಕನ್ನಡಕ ಒರೆಸಿಕೊಂಡು ಆಗಲಿ ಎಂದರು. ಹಾಡಾದರೂ ಉಳಿಯಿತಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

ನಾಟಕದ ದಿನ, ಎರಡನೆಯ ಅಂಕದ ಹಾಡಿಗೆ ಜನ ಒನ್ಸ್ ಮೋರ್ ಎಂದು ಕೂಗಿದರು. ಕೂಗು ಬಿದ್ದರೆ ಹಾಡಿದವರು ಮುಂದೆ ಬಂದು, ಕೈಮುಗಿದು, ಮತ್ತೆ ಹಾಡಬೇಕು. ನಮ್ಮ ಸಂಘದ ರೂಢಿ. ಅಕ್ಕ ಬಂದೇಬಿಟ್ಟರು. ಮಾಸಿದ ಕಾಟನ್ ಸೀರೆ, ಕೈಯಲ್ಲಿ ಮೈಕು. ಪಕ್ಕದಲ್ಲಿ ಸೊಸೆ ಬಾಯಿ ತೆರೆದುಕೊಂಡೇ ನಿಂತಿದ್ದಳು. ಇದೂ ನಾಟಕದ ತಮಾಷೆಯೇ ಎಂದುಕೊಂಡು ಜನ ಬಿದ್ದು ಬಿದ್ದು ನಕ್ಕರು. ಅಕ್ಕ ನಿಲ್ಲಿಸಲಿಲ್ಲ, ಪೂರ್ತಿ ಹಾಡಿದರು... ಆ ನಗುವಿನಲ್ಲಿ ಒಂದು ಸಾಲೂ ಕೇಳಿಸಲಿಲ್ಲ.

ಅಧ್ಯಕ್ಷರಿಗೆ ಖುಷಿಯೋ ಖುಷಿ. ಸೊಸೆಗೆ ಶಾಲು ಹೊದಿಸಿ ಅಕ್ಕನತ್ತ ತಿರುಗಿದರು. "ಸಕತ್ ಕಾಮಿಡಿ ಕಣಮ್ಮ. ಮುಂದಿನ ಸಲನೂ ಇಂಗೇ ಬನ್ನಿ."

"ನಾನು ತಮಾಷೆಗೆ ಬರ್ಲಿಲ್ಲ ಸಾರ್" ಎಂದರು ಅಕ್ಕ.

ಅದಕ್ಕೂ ನಕ್ಕರು.

ಆಮೇಲೆ ಹಿಂದಿನ ಮನೆಯಿಂದ ಪಾತ್ರೆಯ ಸದ್ದಷ್ಟೇ ಬರುತ್ತಿತ್ತು. ಕೊನೆಗೆ ಬಾಗಲೂರಿನ ಕಡೆ ಮನೆ ಮಾಡಿಕೊಂಡು ಹೋದರು. ಅಲ್ಲೇ ತೀರಿಕೊಂಡರೆಂದು ಹೋದ ವಾರ ಅವರ ತಂಗಿ ಫೋನ್ ಮಾಡಿದ್ದಳು. ಯಾರಿಗೂ ಹೇಳಿರಲಿಲ್ಲ ನಾನು. ಇವತ್ತು ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ.

"ಯಾರು, ನಾಟಕದಲ್ಲಿ ಅಡ್ಡ ಬಂದು ನಗಿಸಿದ್ರಲ್ಲ, ಅವರಾ?" ಎಂದರು.

ಹೌದು ಎಂದೆ.

ಮುದ್ದೆ, ಅವರೆಕಾಳಿನ ಸಾರು. ಅವರು ಇನ್ನೊಂದು ಸಲ ಸಾರು ಹಾಕಿಸಿಕೊಂಡು ಉಂಡು, ನನಗಿಂತ ಮೊದಲೇ ಮಲಗಿದರು.